ಹೆಸರಿಗಿಂತ ಮೊದಲು ಮನೆ

ಇಲ್ಲ, ಕಂಪ್ಯೂಟರಿನ ಮಾನಿಟರ್ ಅತ್ತೆಯ ತೊಡೆಯ ಮೇಲೇ ಇದ್ದಿರಬೇಕು. ನನ್ನ ತೊಡೆಯ ಮೇಲಿತ್ತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ಸಿದ್ದಾಪುರದ ಬಸ್ಸು ಕುಲುಕಿದಾಗಲೆಲ್ಲ ಅದನ್ನು ತಬ್ಬಿ ಹಿಡಿಯುತ್ತಿದ್ದ ಕೈಗಳಲ್ಲಿ ಬಳೆಗಳಿದ್ದವು. ಬಳೆಗಳನ್ನು ಆಮೇಲೆ ಸೇರಿಸಿಕೊಂಡೆನೋ ಏನೋ.

ತೊಂಬತ್ತರ ದಶಕದ ಕೊನೆ. ಅತ್ತೆ, ಅಂದರೆ ಅಪ್ಪನ ತಂಗಿ, ಐವತ್ತರ ಹತ್ತಿರವಿದ್ದಳು. ಶಿರಸಿಯಲ್ಲಿ ಅವಳು ನಡೆಸುತ್ತಿದ್ದ ಟೈಪಿಂಗ್ ಕ್ಲಾಸಿಗೆ ಯಾರೂ ಬರದಂತಾಗಿತ್ತು. ಟೈಪ್‌ರೈಟರ್‌ಗಳಿಗೆ ಬಟ್ಟೆ ಹೊದೆಸಿ, ಹಳೆಯದೊಂದು ಕಂಪ್ಯೂಟರ್ ತಂದು, ಪುಸ್ತಕ ನೋಡಿಕೊಂಡು ಪ್ರೋಗ್ರಾಂ ಬರೆಯಲು ಕಲಿತಳು. ಅಡಿಕೆ ಮಾರುವ ಸಹಕಾರಿ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇನೆಂದು ಬೋರ್ಡು ಬರೆಸಿದಳು. ಸ್ಟಾರ್ಟಪ್ ಎಂಬ ಮಾತು ಆಗ ನಮಗೆ ಗೊತ್ತಿರಲಿಲ್ಲ. ಮೊದಲ ಸಂಘ ಬೇಡವೆಂದರೆ ಬೋರ್ಡು ಇಳಿಸುವುದೆಂದು ಮನೆಯಲ್ಲಿ ಮಾತಾಗಿತ್ತು.

ಆ ಸಂಘ ಸಿದ್ದಾಪುರದ ದಾರಿಯಲ್ಲಿತ್ತು. ಸದಸ್ಯರ ವಿವರಗಳನ್ನು ಅತ್ತೆ ಮೊದಲೇ ತುಂಬಿಸಿಕೊಂಡಿದ್ದಳು. ಪರೀಕ್ಷೆಗೆಂದು ಅಧ್ಯಕ್ಷರು ಜಗಲಿಯಲ್ಲಿ ಕೂತಿದ್ದ ಮುದುಕರೊಬ್ಬರನ್ನು ಒಳಗೆ ಕರೆದರು. ಅತ್ತೆ ಅವರ ಹೆಸರು ಕೇಳಿ ಟೈಪ್ ಮಾಡಿದಳು. ಅದೇ ಹೆಸರಿನ ಬೇರೊಬ್ಬರ ಅಡಿಕೆಯ ತೂಕ ಪರದೆಯ ಮೇಲೆ ಬಂತು.

"ಎನ್ನ ಅಡಿಕೆ ಇಷ್ಟೆಲ್ಲ ಇದ್ದ? ಹಂಗಾರೆ ಆ ತೋಟ ಎಲ್ಲಿದ್ದು ಹೇಳು ತಂಗಿ, ಒಂದ್ಸಲ ನೋಡ್ಕಂಡು ಬತ್ತೆ," ಎಂದರು ಮುದುಕರು. ಕೋಣೆಯೆಲ್ಲ ನಕ್ಕಿತು.

ಅಧ್ಯಕ್ಷರೂ ನಕ್ಕರು. "ಇದು ಹುಡ್ರ ಕೆಲ್ಸ ತಂಗಿ. ಹುಬ್ಬಳ್ಳಿಂದ ಇಬ್ರು ಬಂದು ತೋರ್ಸಿಕ್ಕೆ ಹೋಯ್ದ. ಈ ವಯಸ್ಸಲ್ಲಿ ನಿಂಗೆ ಎಂತಕ್ಕೆ?"

"ವಯಸ್ಸಾಗಿದ್ದೇ ಚಲೋ ಆತು. ಹುಡುಗಿ ಆಗಿದ್ರೆ ಆನು ಇಷ್ಟೊತ್ತಿಗೆ ಅಳ್ತಾ ಬಸ್ಸು ಹತ್ತತಿದ್ದಿ," ಎಂದಳು ಅತ್ತೆ. ವೈರು ಸುತ್ತುತ್ತ, ಸುಮ್ಮನೆ ಮಾತಿಗೆಂಬಂತೆ ಮುದುಕರನ್ನು ಕೇಳಿದಳು: "ನಿಂಗಳದ್ದು ಎಲ್ಲಾತು?"

"ಮತ್ತಿಘಟ್ಟ."

"ಅಲ್ಲಿ ಯಾವ ಮನೆ?"

"ಕೆಳಗಿನಮನೆ."

ವೈರು ಸುತ್ತುತ್ತಿದ್ದ ಕೈ ನಿಂತಿತು.

ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗಿಡುತ್ತಾರೆ. ಒಂದೇ ಹೆಸರಿನವರು ಕೇರಿಗೊಬ್ಬರು. ಅದಕ್ಕೇ ಹೊಸಬರು ಎದುರಾದರೆ ಮೊದಲು ಊರು, ಆಮೇಲೆ ಮನೆ ಕೇಳುತ್ತೇವೆ. ಹೆಸರಿನವರೆಗೆ ಮಾತು ಹೋಗುವುದೇ ಅಪರೂಪ. ಅತ್ತೆ ಹುಟ್ಟಿದಾಗಿನಿಂದ ಕೇಳುತ್ತ ಬಂದದ್ದೂ ಹಾಗೆಯೇ. ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ, ಪುಸ್ತಕದಲ್ಲಿದ್ದಂತೆ, ಹೆಸರನ್ನು ಮೊದಲಿಟ್ಟಿದ್ದಳು.

"ಒಂದು ವಾರ ಕೊಡಿ," ಎಂದಳು.

ಮುಂದಿನ ವಾರ ಪರದೆ ಮೊದಲು ಊರು ಕೇಳಿತು, ಆಮೇಲೆ ಮನೆ, ಕೊನೆಗೆ ಹೆಸರು. ಅದೇ ಮುದುಕರನ್ನು ಕೂರಿಸಿ ತೋರಿಸಿದಳು. "ಈ ಸಲ ಎನ್ನದೇಯ. ತೂಕ ಕಮ್ಮಿ ಇದ್ದು," ಎಂದರು ಅವರು. ಸಂಘ ಒಪ್ಪಿತು. ಮೂರ್ನಾಲ್ಕು ವರ್ಷಗಳಲ್ಲಿ ಸಿದ್ದಾಪುರ, ಯಲ್ಲಾಪುರದ ಕಡೆಯ ಸಂಘಗಳೂ ಕರೆದವು. ಹುಬ್ಬಳ್ಳಿಯ ಆ ಇಬ್ಬರಲ್ಲಿ ಒಬ್ಬ ಅವಳಲ್ಲೇ ಕೆಲಸಕ್ಕೆ ಸೇರಿ, ಬಂದವರಿಗೆಲ್ಲ "ಬರ್ರಿ, ಯಾವೂರಾತ್ರಿ?" ಎನ್ನುವುದನ್ನು ಕಲಿತ.

ತಂತ್ರಜ್ಞಾನದ ಕಂಪನಿ ಕಟ್ಟಿ ಗೆಲ್ಲುವವರು ಈಗ ಎಳೆಯರಷ್ಟೇ ಅಲ್ಲ, ತಲೆ ನರೆತವರೂ ಇದ್ದಾರೆ ಎಂದು ಓದಿದಾಗ ನನಗೆ ಆಶ್ಚರ್ಯವಾಗುವುದಿಲ್ಲ, ಹೆಮ್ಮೆಯಾಗುತ್ತದೆ. ಜನ ನಕ್ಕ ಮೇಲೂ ಕೂತು ಮಾತಾಡಿಸುವುದಕ್ಕೆ ಒಂದಷ್ಟು ವಯಸ್ಸು ಬೇಕು. ನನಗೆ ಆಗ ಇಪ್ಪತ್ತಮೂರು. ನಗು ಕೇಳಿದ್ದೇ ಹೊರಗೆ ಹೋಗಿ ನಿಂತಿದ್ದೆ.

ಹೊರಗೆ ನಿಂತಿದ್ದವನಿಗೆ ಒಳಗಿನ ಮಾತು ಇಷ್ಟು ಸ್ಪಷ್ಟವಾಗಿ ಕೇಳಿತ್ತೇ? ಅಲ್ಲದೆ ಸಂಘದ ಕಾರ್ಯದರ್ಶಿ ಅತ್ತೆಯ ಬಳಿಯೇ ಟೈಪಿಂಗ್ ಕಲಿತವರು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಆ ಒಂದು ವಾರ ಸಿಕ್ಕಿದ್ದು ಅವಳ ಪ್ರಶ್ನೆಯಿಂದಲೋ, ಹಳೆಯ ಶಿಷ್ಯನ ಒಂದು ಮಾತಿನಿಂದಲೋ ನನಗೆ ಗೊತ್ತಿಲ್ಲ. ಅತ್ತೆಯನ್ನು ಕೇಳಿದ್ದೇನೆ. ಅವಳಿಗೂ ಗೊತ್ತಿಲ್ಲ.