ಹಾಡು ಹದ ಮಾಡುವ ಗಿಯಾತ್

ಮಾದಿಯುನ್ ಪೇಟೆಯಲ್ಲಿ ದಂಗ್‌ದುತ್ ಎಂಬ ಕುಣಿತದ ಹಾಡುಗಳನ್ನು ಧ್ವನಿಮುದ್ರಿಸಿ ಹದಕ್ಕೆ ತರುವ ಗಿಯಾತನಿಗೆ ಸ್ವಂತ ಸ್ಟುಡಿಯೋ ಇದ್ದರೂ, ಅವನ ಹಾಡು ಪಾಸಾಗುವುದು ಊರೊಳಗೆ ಓಡುವ ಬಾಡಿಗೆ ವ್ಯಾನಿನಲ್ಲಿ. "ಜನ ಕೇಳೋದು ಇಲ್ಲಿ, ನನ್ನ ಕೋಣೇಲಲ್ಲ" ಎನ್ನುತ್ತ ಒಡಕು ಸ್ಪೀಕರಿನ ಪಕ್ಕ ಕೂತು ಮಾರುಕಟ್ಟೆಗೆ ಮೂರು ಸುತ್ತು ಹೊಡೆಯುತ್ತಾನೆ. ಸ್ಟುಡಿಯೋದ ಬಾಗಿಲಲ್ಲೇ ಸೋಯಾ ಕಾಳಿನ ಟೆಂಪೆ ಕರಿದು ಮಾರುವ ಲಾಸ್ಮಿನಿ ಅವನನ್ನು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದಾಳೆ. ಮೊದಮೊದಲು ಒಂದೇ ಹಾಡಿಗೆ ಕೊಳಲು, ಪಿಟೀಲು, ಗುಡುಗು, ಕೋಳಿಕೂಗು ಎಲ್ಲ ತುರುಕುತ್ತಿದ್ದ. "ಹಾಡೋಳು ಎಲ್ಲಿ ಮಗಾ? ಸಂತೇಲಿ ಕಳೆದ್ಹೋದ್ಲಾ?" ಎಂದು ಅವಳು ಚುಚ್ಚಿದರೆ ಮೂರು ದಿನ ಮುನಿದು ಎದುರಂಗಡಿಯಲ್ಲಿ ತಿನ್ನುತ್ತಿದ್ದ. ವರ್ಷಕ್ಕೊಂದು ವಾದ್ಯ ಬಿಡುತ್ತ ಬಂದು ಈಗ ಮದ್ದಳೆ, ಕೊಳಲು, ಕಂಚಿನ ಸಣ್ಣ ತಾಳ, ಹಾಡುವವಳ ಉಸಿರು, ಇಷ್ಟಕ್ಕೇ ನಿಂತಿದ್ದಾನೆ, ಮುನಿಸನ್ನೂ ಬಿಟ್ಟಿದ್ದಾನೆ. ಈಚೆಗೆ ವ್ಯಾನಿಗೆ ಅವಳನ್ನೂ ಹತ್ತಿಸಿಕೊಳ್ಳುತ್ತಾನೆ. "ತಾಳ ಹೇಗಿದೆ, ಇಬು?" ಎಂದು, ತಾಯಿಯನ್ನು ಕರೆವಂತೆ ಕರೆದು, ಅದೊಂದನ್ನೇ ಕೇಳುತ್ತಾನೆ. ಮದುವೆ ಚಪ್ಪರಗಳ ದೊಡ್ಡ ಸ್ಪೀಕರುಗಳ ಕೆಳಗೆ ಪ್ರಾಯವೆಲ್ಲ ಕಳೆದ ಅವನ ಕಿವಿಗೆ ತಾಳದಂಥ ಸಣ್ಣ ಚೂಪು ಸದ್ದು ಬೀಳುವುದು ನಿಂತಿದೆಯೆಂದು ಅವಳಿಗೆ ಗೊತ್ತು. ಸುದ್ದಿ ಹಬ್ಬಿದರೆ ಹಾಡುವವರು ಬೇರೆ ಬಾಗಿಲು ಹಿಡಿದಾರೆಂದು ಅವಳು ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಚೆನ್ನಾಗಿದೆ ಅಂದುಬಿಡೋಣ ಎಂದು ಒಮ್ಮೊಮ್ಮೆ ಮನಸ್ಸಾಗುತ್ತದೆ. ಆದರೂ "ಜಾಸ್ತಿಯಾಯ್ತು ಮಗಾ, ಹಲ್ಲು ಜುಮ್ಮನ್ನುತ್ತೆ" ಎನ್ನುತ್ತಾಳೆ. ಮರಳಿ ಬಂದು ಅವನು ಅವಳನ್ನು ಸ್ಟುಡಿಯೋದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ತನಗೆ ಕೇಳದ ಆ ತಾಳವನ್ನು ಅವಳು ಸಾಕು ಎನ್ನುವವರೆಗೂ ತಗ್ಗಿಸುತ್ತಾನೆ.