ಹನ್ನೊಂದು ಸಾವಿರದ ಶೂ

ಬೆಟ್ಟದಲ್ಲಿ ಸೈಕಲ್ ತುಳಿಯಲೆಂದೇ ಮಾಡಿದ ಶೂ ಅದು. ಬೆಲೆ ಹನ್ನೊಂದು ಸಾವಿರ. ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ಅತ್ತೆಗೆ ಮಾತ್ರ ಸಾವಿರದ ಇನ್ನೂರು ಎಂದಿದ್ದೆ.

ಒಂದು ಭಾನುವಾರ ಗುಡ್ಡ ಇಳಿದು ರಬಾಳೆಯ ರಸ್ತೆಬದಿಯ ಚಹಾ ಟಪರಿಯಲ್ಲಿ ಕೂತು, ಫೋನಿನಲ್ಲಿ ತಂಗಿಗೆ ನಿಜವಾದ ಬೆಲೆ ಹೇಳುತ್ತಿದ್ದೆ. ಪಕ್ಕದಲ್ಲಿದ್ದ ಕಲಬುರಗಿ ಕಡೆಯ ಹಮಾಲರೊಬ್ಬರು ಕೇಳಿಸಿಕೊಂಡರು.

“ಹನ್ನೊಂದು ಸಾವಿರ? ಜರಾ ತೋರಸ್ರೀ ಅಕ್ಕಾ.”

ನಗುತ್ತಾರೆಂದು ಜಗಳಕ್ಕೆ ತಯಾರಾಗಿಯೇ ಬಿಚ್ಚಿಕೊಟ್ಟೆ. ಅವರು ಅಟ್ಟೆಯನ್ನು ಬಗ್ಗಿಸಿ ನೋಡಿದರು. ಬಗ್ಗಲಿಲ್ಲ.

“ಇದರಾಗ ನಡೀಲಾಕ ಬರಲ್ಲಲ್ರೀ?”

“ನಡೆಯೋದಕ್ಕಲ್ಲ ಮಾರಾಯ್ರೆ, ಪೆಡಲ್ ತುಳಿಯೋದಕ್ಕೆ. ಮೆತ್ತಗಿದ್ರೆ ಪಾದ ನೋಯ್ತದೆ.”

“ಹಂಗಂದ್ರ ಬರೋಬರಿ ಅದ,” ಎಂದು ತಲೆಯ ಮೇಲಿನ ಸಿಂಬಿ ತೆಗೆದು ತೋರಿಸಿದರು. ಮೂಟೆ ಹೊರಲು ಸುತ್ತಿಕೊಂಡಿದ್ದು ಹೊಚ್ಚಹೊಸ ದಪ್ಪ ಟವೆಲು. “ಹಳೀ ಸೀರಿ ಸಾಕಿತ್ತಂತ ನಮ್ಮಾಕಿ ಬೈದಳು. ತಲಿ ನಂದಲ್ಲೇನ್ರೀ?”

ಮನೆಗೆ ಹೋದವಳೇ ಅತ್ತೆಗೆ ಪೂರ್ತಿ ಬೆಲೆ ಹೇಳಿದೆ.

“ಅಷ್ಟಕ್ಕೆ ಒಂದು ರೇಷ್ಮೆ ಸೀರೆ ಬರ್ತಿತ್ತು,” ಅಂದರು.

ಬರುತ್ತಿತ್ತು, ಇಲ್ಲವೆನ್ನಲಿಲ್ಲ. ಶೂ ಒರೆಸಿ, ಅವರು ನೋಡುತ್ತಿದ್ದಂತೆ ಕಪಾಟಿನಲ್ಲಿ ರೇಷ್ಮೆ ಸೀರೆಗಳ ಪಕ್ಕದಲ್ಲೇ ಇಟ್ಟೆ. ಶೂ ಪ್ರತಿ ಭಾನುವಾರ ಹೊರಗೆ ಬರುತ್ತದೆ. ಸೀರೆಗಳು ಇನ್ನೂ ಯಾರದೋ ಮದುವೆಗೆ ಕಾಯುತ್ತಿವೆ.