ನಾಲ್ಕು ಗುಂಡಿಯ ಪ್ರೋಟೀನು

ಕಲಬುರಗಿಯ ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸಿದ ಸರ್, ಬಿರುಬೇಸಿಗೆಯಲ್ಲೂ ಅಂಗಿಯ ಕೊರಳ ಗುಂಡಿ ಬಿಚ್ಚಿದವರಲ್ಲ. ಶಿಲೀಂಧ್ರದ ವಿರುದ್ಧ ಗಿಡ ತಾನೇ ತಯಾರಿಸಿಕೊಳ್ಳುವ ಪುಟ್ಟ ಪ್ರೋಟೀನಿನ ಪಾಠಕ್ಕೆ ಆ ಅಂಗಿಯೇ ಚಿತ್ರಪಟ. ಒಂದೊಂದೇ ಗುಂಡಿ ಮುಟ್ಟುತ್ತ, "ಈ ಪ್ರೋಟೀನಿಗೆ ಗಂಧಕದ ಕೊಂಡಿ ಅನ್ನೋ ನಾಲ್ಕು ಗುಂಡಿ ಅವ. ಕುದಿಸಿದ್ರೂ ಬಿಚ್ಚಂಗಿಲ್ಲ. ಸೀದಾ ಹೋಗಿ ಶಿಲೀಂಧ್ರದ ಪೊರೆಗೆ ತೂತು ಹಾಕ್ತದ" ಎನ್ನುತ್ತಿದ್ದರು. ಕೊನೆಗೆ ಯಾವಾಗಲೂ ಅದೇ ಮಾತು: "ಗಿಡಾ ಸುಮ್ನ ನಿಂತಿಲ್ರೀ!" ಅಂಗಿಯೊಳಗೆ ಸರ್ ಮಾತ್ರ ಚೆನ್ನಾಗಿ ಕುದಿಯುತ್ತಿದ್ದಾರೆ ಎಂದು ಹಿಂದಿನ ಬೆಂಚಿನ ನಾವು ನಗುತ್ತಿದ್ದೆವು.

ಒಮ್ಮೆ ನಮ್ಮನ್ನು ಕಮಲಾಪುರದ ಕೆಂಪು ಬಾಳೆ ತೋಟಕ್ಕೆ ಕರೆದೊಯ್ದರು. ಅಲ್ಲೂ ಗುಂಡಿಪುರಾಣ ಶುರುವಾಯಿತು. ತೋಟದ ಒಡತಿ ಪೂರ್ತಿ ಕೇಳಿಸಿಕೊಂಡು, ಹಳದಿಯಾಗಿ ಜೋತುಬಿದ್ದ ಎಲೆಗಳ ಸಾಲು ತೋರಿಸಿದರು.

"ಹಂಗಾದ್ರ ಇವು ಯಾಕ ಸೊರಗ್ಯಾವ್ರಿ ಸರ?"

ಸರ್ ಒಂದು ಎಲೆ ಎತ್ತಿ ಹಿಡಿದು ನೋಡಿದರು.

"ಶಿಲೀಂಧ್ರನೂ ಸುಮ್ನ ಕುಂತಿಲ್ಲ ಯವ್ವಾ" ಎಂದರು ಮೆಲ್ಲಗೆ.

ಆಮೇಲೆ ಕೊರಳ ಗುಂಡಿ ಬಿಚ್ಚಿದರು. ಬದುವಿನ ಮೇಲೆ ಕೂತು, ನನ್ನ ನೋಟುಬುಕ್ಕು ಕಸಿದುಕೊಂಡು ಒಡತಿಯತ್ತ ತಿರುಗಿದರು.

"ಮೊದಲ ಯಾವ ಎಲಿ ಹಳದಿ ಆಯ್ತು? ನೀವು ಹೇಳ್ರಿ, ನಾ ಬರಕೋತೀನಿ."